ಮಾರಿಕಣಿವೆಯ ತೆಪ್ಪ: ಆಳ ಕೇಳದು, ಕಟ್ಟೆ ಬೇಡದು

ಜಲವಿಹಾರ ಎಂದರೆ ಚಿತ್ರದುರ್ಗದವರು ಕಾರವಾರಕ್ಕೋ ಗೋವಾಕ್ಕೋ ಬಸ್ಸು ಹುಡುಕುತ್ತಾರೆ. ತಪ್ಪೇನಿಲ್ಲ. ಇದು ಬಯಲುಸೀಮೆ, ಸಮುದ್ರವಂತೂ ದೂರ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಹಿರಿಯೂರೂ ಒಂದು. ಆದರೆ ಅದೇ ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದ ವಾಣಿವಿಲಾಸ ಸಾಗರದಲ್ಲಿ ಮೀನುಗಾರರ ದುಂಡನೆಯ ತೆಪ್ಪಗಳು ಓಡಾಡುತ್ತವೆ. ಇಬ್ಬರು ಮೂವರು ಕೂತರೆ ಭರ್ತಿ. ಎಂಜಿನ್ ಇಲ್ಲ, ಹಾಯಿ ಇಲ್ಲ, ಚುಕ್ಕಾಣಿಯೂ ಇಲ್ಲ. ಹಾಗಿದ್ದೂ ಈ ನೀರಿಗೆ ಇದಕ್ಕಿಂತ ಒಪ್ಪುವ ನೌಕೆ ಸಿಗಲಿಕ್ಕಿಲ್ಲ.

ಏಕೆಂದು ತಿಳಿಯಲು ಮೊದಲು ನೀರಿನ ಸ್ವಭಾವ ತಿಳಿಯಬೇಕು.

ಊರು ಬದಲಿಸುವ ದಡ

ವೇದಾವತಿ ನದಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಜಾಗವೇ ಮಾರಿಕಣಿವೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಇಲ್ಲಿ ಅಣೆಕಟ್ಟೆಯ ಕೆಲಸ ಶುರುವಾಯಿತು, ಮುಗಿದದ್ದು 1907ರಲ್ಲಿ. ಆರಂಭದ ವರ್ಷಗಳಲ್ಲಿ ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಜಲಾಶಯಕ್ಕೆ ಅವರದೇ ಹೆಸರು. ಗರಿಷ್ಠ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ.

ಹಿಡಿಯುವುದೇನೋ ಸರಿ, ತುಂಬುವುದು ಯಾವಾಗ? 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಭದ್ರಾ ನದಿಯಿಂದ ಹರಿಸಿದ ನೀರಿನ ಬಲವೂ ಸೇರಿ 2025ರ ಜನವರಿಯಲ್ಲಿ ಇನ್ನೊಮ್ಮೆ ಬಿದ್ದಿತು. ಈ ಕೋಡಿಗಳ ನಡುವೆಯೇ, 2017ರ ಬರದಲ್ಲಿ, ನೀರು ಡೆಡ್ ಸ್ಟೋರೇಜ್ ಮಟ್ಟದ ಹತ್ತಿರಕ್ಕೆ ಇಳಿದು ಇಡೀ ಜಿಲ್ಲೆ ಕಂಗಾಲಾಗಿತ್ತು.

ಅಣೆಕಟ್ಟೆಯ ಬಳಿ ಈ ಏರಿಳಿತ ಅಡಿಗಳ ಲೆಕ್ಕ. ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಕಡೆ ಹೋದರೆ ಹೊಲಗಳ ಲೆಕ್ಕ. ಅಲ್ಲಿ ನೆಲ ಇಳಿಜಾರಾಗಿ ಹಬ್ಬಿರುವುದರಿಂದ ಮಟ್ಟ ಸ್ವಲ್ಪ ಇಳಿದರೂ ದಡ ಎಷ್ಟೋ ದೂರ ಹಿಂದೆ ಸರಿಯುತ್ತದೆ. ಏರಿದರೆ ತೆಂಗಿನ ತೋಟದ ಬುಡಕ್ಕೇ ಬಂದು ನಿಲ್ಲುತ್ತದೆ. ಇಂಥಲ್ಲಿ ಕಾಂಕ್ರೀಟಿನ ಜೆಟ್ಟಿ ಕಟ್ಟಿದರೆ ಒಂದು ವರ್ಷ ಮುಳುಗೀತು, ಇನ್ನೊಂದು ವರ್ಷ ಒಣನೆಲದ ಮೇಲೆ ನಿಂತೀತು. ತೆಪ್ಪಕ್ಕೆ ಆ ತಾಪತ್ರಯವಿಲ್ಲ. ಮೊಣಕಾಲುದ್ದ ನೀರಿದ್ದರೆ ತೇಲುತ್ತದೆ. ನೀರು ಹಿಂದೆ ಸರಿದರೆ ಒಬ್ಬನೇ ಬೆನ್ನಿಗೇರಿಸಿಕೊಂಡು ಹೊಸ ದಡಕ್ಕೆ ನಡೆಯುತ್ತಾನೆ.

ದಬ್ಬೆಯ ಹೆಣಿಗೆ

ತೆಪ್ಪದ ಮೈ ಬಿದಿರಿನದು. ಬಿದಿರನ್ನು ಉದ್ದುದ್ದ ಸೀಳಿ, ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ ತಳ ಹೆಣೆಯುತ್ತಾರೆ. ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತ ದಪ್ಪ ಅಂಚು ಕಟ್ಟುತ್ತಾರೆ. ಆ ಅಂಚೇ ಎಲ್ಲ ದಬ್ಬೆಗಳನ್ನೂ ಬಿಗಿಹಿಡಿಯುವುದು. ಅದು ಸಡಿಲವಾದರೆ ತೆಪ್ಪ ಕೈಬಿಟ್ಟಂತೆ. ಹೊರಮೈಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಆ ಕೆಲಸ ಮಾಡುತ್ತವೆ. ಫೈಬರ್ ತೆಪ್ಪಗಳೂ ಬಂದಿವೆ.

1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಂಥವನ್ನೇ ತುಂಗಭದ್ರೆಯಲ್ಲಿ ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಬುಟ್ಟಿಯಂತೆ ದುಂಡು. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕೆಂದರೆ ಕುದುರೆ, ಎತ್ತನ್ನೂ ದಾಟಿಸುತ್ತಾರೆ ಎನ್ನುತ್ತಾನೆ. ಅದು ನೇರ ಹೋಗದೆ ಗಿರಗಿರ ತಿರುಗುತ್ತದೆಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನ ದುಂಡು ದೋಣಿಗಳ ಬಗ್ಗೆ ಬರೆದಿದ್ದ. ವ್ಯಾಪಾರಿಗಳು ಹೊಳೆಯುದ್ದಕ್ಕೂ ತೇಲಿಬಂದು ಸರಕು ಮಾರಿ, ದೋಣಿಯ ಚೌಕಟ್ಟನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ನಡೆಯುತ್ತಿದ್ದರಂತೆ.

ಕೂರುವ ಕ್ರಮ, ಕಾಣುವ ನೋಟ

ತೆಪ್ಪ ಹತ್ತುವವರಿಗೆ ಮೊದಲ ಪಾಠ: ಅಂಚು ಮೆಟ್ಟಬಾರದು, ನಡುವಿಗೆ ಕಾಲಿಟ್ಟು ಕೂಡಲೇ ಕುಕ್ಕರುಗಾಲಲ್ಲಿ ಕೂರಬೇಕು. ಒಬ್ಬರು ಕೂತ ಮೇಲೆ ಅವರ ಎದುರಿಗೆ ಇನ್ನೊಬ್ಬರು, ತೂಕ ಸರಿದೂಗಬೇಕು. ಹುಟ್ಟು ಹಾಕುವವನು ಹೋಗುವ ದಿಕ್ಕಿಗೇ ಮುಖ ಮಾಡಿ, ಅಂಚಿನ ಮೇಲೆ ಬಾಗಿ, ಮುಂದಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ. ಹುಟ್ಟು ನೀರಿನಲ್ಲಿ ಎಡಕ್ಕೂ ಬಲಕ್ಕೂ 8ರ ಆಕಾರದಲ್ಲಿ ಆಡುತ್ತದೆ. ಒಂದೇ ಪಕ್ಕ ಎಳೆದರೆ ಪಾಯಸ್ ಕಂಡ ಗಿರಗಿಟ್ಟಲೆಯೇ ಗತಿ. ನುರಿತವರ ಕೈಯಲ್ಲಿ ಮಾತ್ರ ತೆಪ್ಪ ಗೆರೆ ಎಳೆದಂತೆ ನೇರ ಹೋಗುತ್ತದೆ.

ದೊಡ್ಡ ಹಡಗಿನ ಡೆಕ್ಕಿನಿಂದ ನೀರನ್ನು ನೋಡುತ್ತೇವೆ. ಇಲ್ಲಿ ಕೂತಲ್ಲಿಂದಲೇ ಕೈ ಅದ್ದಬಹುದು. ತಳದ ದಬ್ಬೆಗಳ ಕೆಳಗೆ ಅಲೆ ಸರಿಯುವುದು ಅಂಗಾಲಿಗೆ ತಿಳಿಯುತ್ತದೆ. ಸದ್ದಿಲ್ಲದ ಕಾರಣ ನೀರುಕಾಗೆ ತೀರಾ ಹತ್ತಿರವಾಗುವವರೆಗೂ ಕದಲುವುದಿಲ್ಲ. ಬೆಳಿಗ್ಗೆ ಮೀನುಗಾರರು ಹಿಂದಿನ ಸಂಜೆ ಬಿಟ್ಟ ಬಲೆ ಎತ್ತುವಾಗ ಒಂದು ಕೈ ಬಲೆಗೆ, ಇನ್ನೊಂದು ಮೀನಿಗೆ. ತೆಪ್ಪ ತಾನಾಗಿ ಬಲೆಯ ಸಾಲಿನುದ್ದಕ್ಕೂ ಸರಿಯುತ್ತದೆ. ಕಾಟ್ಲಾ, ರೋಹು, ಜಿಲೇಬಿ ಮೀನುಗಳೆಲ್ಲ ಅದೇ ತಳಕ್ಕೆ ಬೀಳುತ್ತವೆ.

ಈ ಹಗುರವೇ ಅದರ ಕುತ್ತೂ ಹೌದು. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆಯಲ್ಲ. ಆಷಾಢದ ಗಾಳಿ ಬಯಲಿನಂತಹ ಈ ನೀರಿನ ಮೇಲೆ ಬೀಸಿದರೆ ತೆಪ್ಪವನ್ನು ತಾನು ಬಯಸಿದತ್ತ ಒಯ್ಯುತ್ತದೆ. ನೀರನ್ನು ಹಿಡಿದುಕೊಳ್ಳಲು ಅಡಿಯಲ್ಲಿ ಉದ್ದ ಏಣು (ಕೀಲ್) ಇಲ್ಲ, ತಿರುಗಿಸಲು ಚುಕ್ಕಾಣಿಯಿಲ್ಲ.

ಹೋಗುವವರಿಗೆ

ಚಿತ್ರದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಅಲ್ಲಿಂದ ವಾಣಿವಿಲಾಸಪುರದ ದಾರಿ. ಹೊಳಲ್ಕೆರೆಯವರಿಗೆ ಹೊಸದುರ್ಗದ ಮೂಲಕ ಬಂದರೆ ಹಿನ್ನೀರಿನ ಹರವೂ ಕಾಣಸಿಗುತ್ತದೆ. ಕಣಿವೆ ಮಾರಮ್ಮನ ಗುಡಿಯಲ್ಲಿ ಕೈಮುಗಿದು ಕಟ್ಟೆಯತ್ತ ನಡೆಯುವುದು ವಾಡಿಕೆ. ಮಳೆಗಾಲದ ಗಾಳಿ ತಗ್ಗಿದ ಮೇಲಿನ ತಿಂಗಳುಗಳ ಬೆಳಗು ಒಳ್ಳೆಯದು. ನೆನಪಿರಲಿ, ಇವು ದುಡಿಮೆಯ ತೆಪ್ಪಗಳು, ಸವಾರಿಗೆ ಇಟ್ಟವಲ್ಲ. ಸಂಬಂಧಪಟ್ಟ ಇಲಾಖೆಯ ಅನುಮತಿ ಮತ್ತು ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯುವುದು ಬೇಡ. ಸವಾರಿಯೇ ಬೇಕೆಂದರೆ ಆನೆಗೊಂದಿ ಬಳಿಯ ಸಾಣಾಪುರ, ತಲಕಾಡು, ಹೊಗೇನಕಲ್ ಇವೆ.

ಮಾರಿಕಣಿವೆಯಲ್ಲೂ ಜಲವಿಹಾರ ಬರಲಿ ಎನ್ನುವವರು ಮೋಟಾರು ಬೋಟಿನ ದರಪಟ್ಟಿ ತರಿಸುವ ಮುನ್ನ ಇಲ್ಲಿನ ಮೀನುಗಾರರನ್ನು ಮಾತಾಡಿಸಬೇಕು. ಕೋಡಿ ಬಿದ್ದ ವರ್ಷವೂ ತಳ ಕಂಡ ವರ್ಷವೂ ಈ ನೀರಿನ ಮೇಲೆ ಹೊಟ್ಟೆ ಹೊರೆದವರು ಅವರು.