ಮನೆ ಮಾರಾಟದ ಚೌಕಾಶಿ: ಆಡಿದ ಬೆಲೆಯೂ ಕೈಗೆ ಬರುವ ಹಣವೂ

ಹತ್ತಿ, ಜೋಳ, ಕಡಲೆ, ಕಿರಾಣಿ, ಜವಳಿ ಮುಂತಾದವುಗಳ ದರವನ್ನು ದಿನನಿತ್ಯ ಕುದುರಿಸುವ ವ್ಯಾಪಾರಸ್ಥರು ಸ್ವಂತ ಮನೆಯನ್ನು ಮಾರುವಾಗ ಮಾತ್ರ ಆ ಚಾಣಾಕ್ಷತೆಯನ್ನು ಮರೆಯುವುದುಂಟು. ಅಂಗಡಿಯ ಸರಕು ವರ್ಷಕ್ಕೆ ಹಲವು ಬಾರಿ ಕೈ ಬದಲಾಯಿಸುತ್ತದೆ. ಮನೆ ಮಾರುವ ಪ್ರಸಂಗ ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ಬರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂತಹ ಪಟ್ಟಣಗಳಲ್ಲಿ ಅಣ್ಣತಮ್ಮಂದಿರ ವಾಟಣಿ, ಮಕ್ಕಳು ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ನೆಲೆಸಿದ್ದು ಅಥವಾ ವ್ಯಾಪಾರದ ಸಾಲದ ಒತ್ತಡ ಇದಕ್ಕೆ ಕಾರಣವಾಗುತ್ತದೆ. ಮೂರನೆಯ ಸಂದರ್ಭದಲ್ಲಿ ಒಪ್ಪಂದ ತಪ್ಪಿದರೆ ಮನೆಯೊಂದಿಗೆ ಅಂಗಡಿಯೂ ಕುಸಿಯಬಹುದು.

ಚೌಕಾಶಿಯ ಬಲವು ಮಾತಿನ ಜಾಣ್ಮೆಯಲ್ಲಿದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಎಲ್ಲ ಖರ್ಚು ಕಳೆದು ಕೈಗೆ ಎಷ್ಟು ಬರುತ್ತದೆ ಎಂಬ ಲೆಕ್ಕವೂ, ದೋಷವಿಲ್ಲದ ಕಾಗದಪತ್ರಗಳೂ ಮಾತುಕತೆಗೆ ಕುಳಿತುಕೊಳ್ಳುವ ಮೊದಲೇ ಸಿದ್ಧವಿದ್ದವರಿಗೆ ಅರ್ಧ ಕೆಲಸ ಮುಗಿದಂತೆ.

ಮೊದಲು ನಿವ್ವಳ ಮೊತ್ತ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹೊಂದಿದ್ದ ಮನೆಯನ್ನು ಮಾರಿದರೆ ಬರುವ ಲಾಭವು ದೀರ್ಘಾವಧಿ ಬಂಡವಾಳ ಲಾಭವೆನಿಸುತ್ತದೆ. 2024ರ ಜುಲೈ 23ರಿಂದ ಇದರ ಮೇಲಿನ ತೆರಿಗೆ ಶೇ. 12.5, ಬೆಲೆಯೇರಿಕೆ ಸೂಚ್ಯಂಕದ ಲಾಭ ಇದಕ್ಕಿಲ್ಲ. ಆದರೆ ಆ ದಿನಕ್ಕಿಂತ ಮೊದಲು ಪಡೆದ ಮನೆಗೆ, ಭಾರತದಲ್ಲಿ ನೆಲೆಸಿರುವ ವ್ಯಕ್ತಿಗಳೂ ಹಿಂದೂ ಅವಿಭಕ್ತ ಕುಟುಂಬಗಳೂ ಸೂಚ್ಯಂಕ ಸಹಿತ ಶೇ. 20ರ ಹಳೆಯ ಲೆಕ್ಕದೊಂದಿಗೆ ಹೋಲಿಸಿ, ಯಾವುದು ಕಡಿಮೆಯೋ ಅಷ್ಟನ್ನೇ ಕಟ್ಟಬಹುದು. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಮನೆಯಾದರೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಮೂಲ ವೆಚ್ಚವೆಂದು ಹಿಡಿಯಲು ಅವಕಾಶವಿದೆ.

ಉದಾಹರಣೆಗೆ, 2001ರಲ್ಲಿ 4 ಲಕ್ಷ ರೂ. ಮೌಲ್ಯವಿದ್ದ ಮನೆಯೊಂದು 2025-26ರಲ್ಲಿ 40 ಲಕ್ಷಕ್ಕೆ ಮಾರಾಟವಾಯಿತು ಎಂದಿಟ್ಟುಕೊಳ್ಳೋಣ. ದಲ್ಲಾಳಿ ಶೇ. 1ರಂತೆ 40,000 ರೂ. ಆ ವರ್ಷದ ಸೂಚ್ಯಂಕ 376. ಸೂಚ್ಯಂಕ ಸಹಿತ ಮೂಲ ವೆಚ್ಚ 15.04 ಲಕ್ಷ, ಲಾಭ 24.56 ಲಕ್ಷ, ಶೇ. 20ರಂತೆ ತೆರಿಗೆ 4.91 ಲಕ್ಷ. ಸೂಚ್ಯಂಕವಿಲ್ಲದೆ ಲಾಭ 35.60 ಲಕ್ಷ, ಶೇ. 12.5ರಂತೆ ತೆರಿಗೆ 4.45 ಲಕ್ಷ. ಕಡಿಮೆಯಿರುವ ಎರಡನೆಯದಕ್ಕೆ ಶೇ. 4 ಸೆಸ್ ಸೇರಿ 4.63 ಲಕ್ಷ. ಮನೆಯ ಮೇಲೆ 12 ಲಕ್ಷದ ಬ್ಯಾಂಕ್ ಸಾಲವಿದ್ದರೆ ಅಂತಿಮವಾಗಿ ಉಳಿಯುವುದು 22.97 ಲಕ್ಷ. ಊರಿನವರು 40 ಲಕ್ಷಕ್ಕೆ ಮಾರಿದರೆಂದು ಆಡಿಕೊಂಡರೂ ಮಾರಿದವರ ಮುಂದಿನ ಯೋಜನೆ ನಿಲ್ಲಬೇಕಾದದ್ದು 23 ಲಕ್ಷದ ಒಳಗೆ.

ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಈ ತೆರಿಗೆಯನ್ನು ಉಳಿಸಬಹುದು. ಆದರೆ ಹಣವನ್ನು ಅಂಗಡಿಯ ಬಂಡವಾಳಕ್ಕೆ ಹಾಕಿದರೆ ಆ ವಿನಾಯಿತಿ ದೊರೆಯದು. ಆದ್ದರಿಂದ ಹಣದ ಮುಂದಿನ ಉಪಯೋಗವನ್ನು ನಿರ್ಧರಿಸಿದ ನಂತರವೇ ಕನಿಷ್ಠ ಬೆಲೆಯನ್ನು ಗೊತ್ತುಪಡಿಸಿಕೊಳ್ಳಬೇಕು. ಆ ಅಂಕಿಯನ್ನು ದಲ್ಲಾಳಿಗೂ ತಿಳಿಸದಿರುವುದು ಲೇಸು; ಸಣ್ಣ ಊರುಗಳಲ್ಲಿ ಒಬ್ಬನೇ ದಲ್ಲಾಳಿ ಎರಡೂ ಕಡೆಯವರ ಪರವಾಗಿ ಓಡಾಡುವುದು ಸಾಮಾನ್ಯ.

ಕಾಗದಪತ್ರವೇ ಬಲ

ಬೆಲೆ ಇಳಿಸಲು ಕೊಳ್ಳುವವರು ಹುಡುಕುವ ಮೊದಲ ಕಾರಣ ಕಾಗದಪತ್ರದ ಕೊರತೆ. ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಇ-ಖಾತೆ, ಹಳ್ಳಿಯ ಆಸ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಹಳೆಯ ಪೇಟೆಯ ಮನೆಗಳಿಗೆ ಸಿಟಿ ಸರ್ವೆ ಉತಾರ, ಋಣಭಾರ ಪ್ರಮಾಣಪತ್ರ, ತೆರಿಗೆ ಪಾವತಿ, ಸಾಲ ತೀರಿದ್ದರೆ ಬೋಜಾ ಕಡಿಮೆಯಾದ ದಾಖಲೆ ಇವೆಲ್ಲ ಒಂದೇ ಹೆಸರನ್ನೂ ಒಂದೇ ಅಳತೆಯನ್ನೂ ತೋರಿಸಬೇಕು. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ವಾರಸಾ ದಾಖಲಿಸಿದ ನಂತರವೇ ಗಿರಾಕಿಯನ್ನು ಕರೆಯಬೇಕು.

ಪಿತ್ರಾರ್ಜಿತ ಮನೆಯಲ್ಲಿ ಇನ್ನೊಂದು ಎಚ್ಚರ ಅಗತ್ಯ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಹಭಾಗಿಗಳು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಂಟೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಅಕ್ಕತಂಗಿಯರ ಒಪ್ಪಿಗೆಯನ್ನು ಕೊನೆಗೆ ಬಿಟ್ಟರೆ ಖರೀದಿಪತ್ರದ ದಿನ ವ್ಯವಹಾರ ನಿಲ್ಲುತ್ತದೆ, ಬೆಲೆಯೂ ಇಳಿಯುತ್ತದೆ. ಎಲ್ಲರ ಸಮ್ಮತಿ ಪಡೆದು, ಮಾತನಾಡುವ ಅಧಿಕಾರವನ್ನು ಒಬ್ಬರಿಗೇ ವಹಿಸುವುದು ಉತ್ತಮ. ಅಣ್ಣ ಒಂದು ದರ, ತಮ್ಮ ಇನ್ನೊಂದು ದರ ಹೇಳಿದರೆ ಗಿರಾಕಿ ಕಡಿಮೆಯದನ್ನೇ ಹಿಡಿಯುತ್ತಾನೆ.

ದರಕ್ಕೆ ಆಧಾರ, ದೋಷಕ್ಕೆ ಉತ್ತರ

ಕೇಳುವ ಬೆಲೆಗೆ ಕಾರಣ ಹೇಳಲು ಬರಬೇಕು. ಅದೇ ಓಣಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಎರಡು ಮೂರು ಖರೀದಿಗಳ ದರ, ಉಪನೋಂದಣಿ ಕಚೇರಿಯ ಮಾರ್ಗಸೂಚಿ ಮೌಲ್ಯ, ಬಾಡಿಗೆಯ ಉತ್ಪನ್ನ ಇವು ಗಟ್ಟಿಯಾದ ಆಧಾರಗಳು. ಕಿತ್ತೂರಿನಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಸಾಮೀಪ್ಯ, ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಂದ ದೊರೆಯುವ ಬಾಡಿಗೆ, ಬೈಲಹೊಂಗಲದಲ್ಲಿ ಮಾರುಕಟ್ಟೆಯ ದಾರಿಗೆ ಹೊಂದಿದ ಮಳಿಗೆ, ಹೀಗೆ ಊರಿಗೊಂದು ಗುಣವಿದೆ. ಹಳೆಯ ಮನೆಯ ಸಾಗುವಾನಿ ತೊಲೆ, ಬಾಗಿಲುಗಳಿಗೂ ಪ್ರತ್ಯೇಕ ಬೆಲೆಯಿದೆ. ಮನೆ ಕೆಡವಿ ಹೊಸದು ಕಟ್ಟುವ ಗಿರಾಕಿ ಅದನ್ನು ಲೆಕ್ಕ ಹಿಡಿದಿರುತ್ತಾನೆ, ಮಾರುವವರೂ ಹಿಡಿಯಬೇಕು.

ದೋಷವನ್ನು ಬಚ್ಚಿಡುವುದು ಲಾಭದಾಯಕವಲ್ಲ. ರಾಮದುರ್ಗದಲ್ಲಿ 2019ರ ಆಗಸ್ಟ್‌ನ ಮಲಪ್ರಭಾ ಪ್ರವಾಹದ ನೀರು ಮನೆಯೊಳಗೆ ಬಂದಿತ್ತೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ಕೊಳ್ಳುವವರಿಗೆ ಕಾಣದ ಮಹತ್ವದ ದೋಷವನ್ನು ಮಾರುವವರು ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ದುರಸ್ತಿಯ ಖರ್ಚಿನ ಅಂದಾಜನ್ನು ಮೊದಲೇ ಮುಂದಿಟ್ಟರೆ ಕಡಿತವು ಆ ಮೊತ್ತಕ್ಕೇ ನಿಲ್ಲುತ್ತದೆ. ಗಿರಾಕಿಯೇ ಕಂಡುಹಿಡಿದರೆ ಎಲ್ಲದರ ಮೇಲೂ ಸಂಶಯ ಮೂಡುತ್ತದೆ.

ನಗದಿನ ಪ್ರಸ್ತಾಪ

ಕೊಳ್ಳುವವರಿಗೂ ಅವರದೇ ಲೆಕ್ಕವಿದೆ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದ್ದು, ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಪಟ್ಟಣದಲ್ಲಿ ಒಟ್ಟು ಶೇ. 7.6 ಆಗುತ್ತದೆ. 40 ಲಕ್ಷದ ಮನೆಗೆ ಇದು 3.04 ಲಕ್ಷ. ಹೀಗಾಗಿ “ಪತ್ರದಲ್ಲಿ 25 ಲಕ್ಷ ತೋರಿಸೋಣ, 15 ಲಕ್ಷ ನಗದು ಕೊಡುತ್ತೇವೆ” ಎಂಬ ಮಾತು ಬರುತ್ತದೆ.

ಇದರಿಂದ ಕೊಳ್ಳುವವರಿಗೆ ಉಳಿಯುವುದು 1.14 ಲಕ್ಷ, ಮಾರುವವರ ತೆರಿಗೆಯಲ್ಲಿಯೂ ಒಂದು ಭಾಗ ಮರೆಯಾಗುತ್ತದೆ. ಆದರೆ 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು, ಮುಂಗಡವೇ ಆಗಿದ್ದರೂ, ನಗದಾಗಿ ಪಡೆಯುವುದು ನಿಷಿದ್ಧ. ಉಲ್ಲಂಘಿಸಿದರೆ ಪಡೆದಷ್ಟೇ ಮೊತ್ತದ ದಂಡವು ಪಡೆದವರ ಮೇಲೆ ಬೀಳುತ್ತದೆ. ಅಂದರೆ 15 ಲಕ್ಷದ ದಂಡದ ಭಾರ ಮಾರುವವರದು. ಇದಲ್ಲದೆ, ತೋರಿಸಿದ ಬೆಲೆಗಿಂತ ಮುದ್ರಾಂಕ ಮೌಲ್ಯ ಶೇ. 10 ಮೀರಿ ಹೆಚ್ಚಿದ್ದರೆ ತೆರಿಗೆಗೆ ಆ ಮೌಲ್ಯವೇ ಆಧಾರವಾಗುತ್ತದೆ. ನಗದಾಗಿ ಬಂದ ಹಣದಿಂದ ಬ್ಯಾಂಕ್ ಸಾಲ ತೀರಿಸುವುದೂ, ಹೊಸ ಮನೆ ಕೊಳ್ಳುವುದೂ ಕಷ್ಟ.

ಈ ಅಂಕಿಗಳನ್ನೇ ಚೌಕಾಶಿಗೆ ಬಳಸಬಹುದು. ಪೂರ್ಣ ಮೊತ್ತವನ್ನು ಬ್ಯಾಂಕಿನ ಮೂಲಕ ಕೊಡುವವರಿಗೆ 50,000 ರೂ. ರಿಯಾಯಿತಿ ಕೊಟ್ಟರೂ ಮಾರುವವರಿಗೆ ಅದು ಅಗ್ಗದ ವಿಮೆಯಂತೆ. ಯಾವ ರಿಯಾಯಿತಿಯನ್ನೂ ಪುಕ್ಕಟೆಯಾಗಿ ಕೊಡಬಾರದು. ಬೆಲೆ ಇಳಿಸಿದರೆ ಪ್ರತಿಯಾಗಿ ಹೆಚ್ಚಿನ ಮುಂಗಡ, ಬೇಗನೆ ನೋಂದಣಿ ಅಥವಾ ಮನೆ ತೆರವಿಗೆ ಹೆಚ್ಚಿನ ಅವಧಿ ಪಡೆಯಬೇಕು.

ಸಂಚಕಾರ ಪತ್ರ

ಬಾಯಿಮಾತಿನ ಒಪ್ಪಂದವನ್ನು ಲಿಖಿತಗೊಳಿಸಿ ನೋಂದಾಯಿಸುವುದು ಕ್ಷೇಮ. ಒಟ್ಟು ಬೆಲೆ, ಕಂತುಗಳ ದಿನಾಂಕ, ಬ್ಯಾಂಕ್ ಸಾಲವನ್ನು ಯಾವ ಕಂತಿನಿಂದ ತೀರಿಸುವುದು, ಸ್ವಾಧೀನದ ದಿನ, ಗಿರಾಕಿ ತಪ್ಪಿದರೆ ಮುಂಗಡದ ಗತಿ ಇವು ಸ್ಪಷ್ಟವಿರಬೇಕು. ಬೆಲೆ ಅಥವಾ ಮುದ್ರಾಂಕ ಮೌಲ್ಯ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಟಿ.ಡಿ.ಎಸ್. ಮುರಿಯಬೇಕಾಗುತ್ತದೆ, ಅದನ್ನೂ ನಮೂದಿಸಬೇಕು. ಸಂಚಕಾರ ಪಡೆದ ಮೇಲೆ ಹೆಚ್ಚಿನ ದರದ ಗಿರಾಕಿ ಬಂದನೆಂದು ಹಿಂದೆ ಸರಿಯುವುದು ಅಪಾಯಕರ. ಒಪ್ಪಂದದಂತೆ ಖರೀದಿಪತ್ರ ಮಾಡಿಕೊಡುವಂತೆ ಕೋರುವ ಹಕ್ಕನ್ನು 2018ರ ನಿರ್ದಿಷ್ಟ ಪರಿಹಾರ ಕಾಯ್ದೆಯ ತಿದ್ದುಪಡಿ ಬಲಪಡಿಸಿದೆ.

ತುರ್ತು ಬರುವ ಮೊದಲೇ

ಚೌಕಾಶಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಅವಸರ. ಸಾಲ ವಸೂಲಾಗದ ಖಾತೆಯಾದ ಮೇಲೆ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಡುತ್ತದೆ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವಿದೆಯೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸ್ವಾಧೀನದ ನೋಟಿಸು ಗೋಡೆಗೆ ಅಂಟಿದ ಮೇಲೆ ಬರುವ ಗಿರಾಕಿ ಹರಾಜಿನ ದರವನ್ನೇ ಕೇಳುತ್ತಾನೆ. ಕಂತು ತಪ್ಪತೊಡಗಿದಾಗಲೇ ಬ್ಯಾಂಕಿಗೆ ತಿಳಿಸಿ, ಅದರ ಒಪ್ಪಿಗೆಯೊಂದಿಗೆ ಮಾರಲು ಹೊರಟರೆ, ಆಷಾಢ ಕಳೆಯುವವರೆಗೆ ಅಥವಾ ಹತ್ತಿ, ಕಬ್ಬಿನ ಹಣ ಊರಿಗೆ ಬರುವವರೆಗೆ ಕಾಯುವ ಸಾಮರ್ಥ್ಯ ಮಾರುವವರಲ್ಲಿ ಉಳಿದಿರುತ್ತದೆ. ಸರಕನ್ನು ಯಾವಾಗ ಹಿಡಿದಿಡಬೇಕು, ಯಾವಾಗ ಬಿಡಬೇಕು ಎಂಬುದನ್ನು ಬಲ್ಲ ವ್ಯಾಪಾರಸ್ಥರು ಮನೆಯ ವಿಷಯದಲ್ಲಿಯೂ ಅದೇ ವಿವೇಕವನ್ನು ಬಳಸುವುದು ಒಳಿತು.