ಸತ್ತಿತೆಂದರೂ ಸಾಯದ ಟೇಪು

2011ರ ಫೆಬ್ರುವರಿ ಕೊನೆಯಲ್ಲಿ ಕೆಲವರು ತಮ್ಮ ಜಿಮೇಲ್ ತೆರೆದು ನೋಡಿದರೆ ಒಳಗೆ ಬರಿದೋ ಬರಿದು. ವರ್ಷಗಟ್ಟಲೆಯ ಪತ್ರಗಳು ಮಾಯ. ಬಳಕೆದಾರರಲ್ಲಿ ಶೇ 0.02ರಷ್ಟು ಮಂದಿಗಷ್ಟೇ ಹೀಗಾಗಿದೆ ಎಂದಿತು ಗೂಗಲ್. ಪ್ರತಿಯೊಂದು ಪತ್ರಕ್ಕೂ ಹಲವು ಪ್ರತಿಗಳಿದ್ದವು, ನಿಜ. ಆದರೆ ಸಾಫ್ಟ್‌ವೇರಿನ ಒಂದು ದೋಷ ಅವನ್ನೆಲ್ಲ ಒಟ್ಟಿಗೇ ನುಂಗಿತ್ತು. ಕೊನೆಗೆ ಪತ್ರಗಳು ಮರಳಿದ್ದು ಆ ದೋಷದ ಕೈಗೆ ಸಿಗದಂತೆ ಬೇರೆಯಾಗಿಟ್ಟಿದ್ದ ಮ್ಯಾಗ್ನೆಟಿಕ್ ಟೇಪಿನಿಂದ.

ಟೇಪು ಎಂದರೆ ಅಜ್ಜನ ಕಾಲದ ಸರಕು ಎಂದುಕೊಂಡಿರುವವರಿಗೆ ಇದು ವಿಚಿತ್ರ ಅನ್ನಿಸಬಹುದು. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆ ಸೇರಿದ ಯೂನಿವ್ಯಾಕ್ ಕಂಪ್ಯೂಟರಿನ ಟೇಪು ಲೋಹದ ಪಟ್ಟಿಯದ್ದು, ಸಾಕಷ್ಟು ಭಾರ. ಮರುವರ್ಷ ಐಬಿಎಂ ತಂದ 726 ಯಂತ್ರದಲ್ಲಿ ಪ್ಲಾಸ್ಟಿಕ್ ಟೇಪು ಬಂತು. ಅದು ಹಗುರ, ಆದರೆ ವೇಗವಾಗಿ ಓಡಿಸಿ ತಟ್ಟನೆ ನಿಲ್ಲಿಸಿದರೆ ಹರಿಯುತ್ತದೆ. ಎಂಜಿನಿಯರುಗಳು ಕಂಡುಕೊಂಡ ಉಪಾಯ ಸೊಗಸಾಗಿತ್ತು: ಉರುಳೆಗೂ ಓದುವ ಹೆಡ್ಡಿಗೂ ನಡುವೆ ಗಾಳಿ ಹೀರುವ ಕೊಳವೆಯಿಟ್ಟು, ಅದರೊಳಗೆ ಟೇಪನ್ನು ಸಡಿಲವಾಗಿ ಇಳಿಬಿಟ್ಟರು. ಎಳೆತದ ಹೊಡೆತ ತಿನ್ನುವುದು ಆ ಸಡಿಲ ಭಾಗ. ಒಂದು ಉರುಳೆಯಲ್ಲಿ ಸುಮಾರು 20 ಲಕ್ಷ ಅಂಕಿಗಳು ಹಿಡಿಯುತ್ತಿದ್ದವು. ತೂತು ಹೊಡೆದ ಕಾರ್ಡುಗಳ ರಾಶಿಯ ನಡುವೆ ಬದುಕಿದ್ದವರಿಗೆ ಅದೇ ಹಬ್ಬ.

ಟೇಪಿನ ದೊಡ್ಡ ದೌರ್ಬಲ್ಯ ಕ್ಯಾಸೆಟ್ ಕೇಳಿ ಬೆಳೆದವರಿಗೆಲ್ಲ ಗೊತ್ತು. ನಾಲ್ಕನೆಯ ಹಾಡು ಬೇಕಾದರೆ ಮೊದಲ ಮೂರನ್ನು ಓಡಿಸಲೇಬೇಕು. ಗ್ರಾಹಕನೊಬ್ಬನ ಲೆಕ್ಕ ಈಗಿಂದೀಗಲೇ ಬೇಕು ಎಂದರೆ ಟೇಪು ಕೈಚೆಲ್ಲುತ್ತದೆ. ಈ ಕೊರತೆಯೇ ಹಾರ್ಡ್ ಡಿಸ್ಕಿನ ತಾಯಿ. ಒಂದು ಕಾಲದಲ್ಲಿ ಶಾಲಾ ಮೇಷ್ಟರಾಗಿದ್ದ ರೆನಾಲ್ಡ್ ಜಾನ್ಸನ್ ಮುಂದಾಳತ್ವದಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯ 1956ರಲ್ಲಿ ರಾಮ್ಯಾಕ್ ಎಂಬ ಯಂತ್ರವನ್ನು ಹೊರತಂದಿತು. 24 ಇಂಚು ಅಗಲದ 50 ತಟ್ಟೆಗಳು, ಟನ್ನಿಗೂ ಮಿಕ್ಕಿದ ತೂಕ, ಹಿಡಿಸುವುದು 50 ಲಕ್ಷ ಅಕ್ಷರ. ಇಂದಿನ ಒಂದು ಮೊಬೈಲ್ ಫೋಟೊ ಅದರಲ್ಲಿ ಹಿಡಿದರೆ ಪುಣ್ಯ. ಆದರೆ ಬೇಕಾದ ದಾಖಲೆಯ ಬಳಿಗೆ ಹೆಡ್ಡು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ನೇರವಾಗಿ ಹೋಗುತ್ತಿತ್ತು. ಟೇಪಿನ ಕಥೆ ಮುಗಿಯಿತೆಂದು ಅಂದಿನಿಂದಲೇ ಮಾತು ಶುರುವಾಗಿರಬೇಕು!

ಫ್ಲಾಪಿಯ ಸಂಗತಿ ಬೇಗ ಮುಗಿಸಬಹುದು. ಐಬಿಎಂನ ದೊಡ್ಡ ಯಂತ್ರಗಳಿಗೆ ಆರಂಭದ ಸೂಚನೆ ತುಂಬಲೆಂದು 1971ರಲ್ಲಿ ಬಂದ 8 ಇಂಚಿನ ಬಿಲ್ಲೆ, ಕುಗ್ಗುತ್ತ ಕುಗ್ಗುತ್ತ ಮೂರೂವರೆ ಇಂಚಾಗಿ, 1.44 ಎಂಬಿಗೆ ನಿಂತು, ಸಿಡಿ ಮತ್ತು ಪೆನ್ ಡ್ರೈವ್ ಎದುರು ಸೋತಿತು. ಅದಕ್ಕೆ ಯಾರೂ ಅಳಲಿಲ್ಲ.

ಪೆನ್ ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಎಲ್ಲದರ ಮೂಲ ಜಪಾನಿನದು. ತೋಷಿಬಾದ ಎಂಜಿನಿಯರ್ ಫುಜಿಯೊ ಮಸುಒಕ 1984ರಲ್ಲಿ ಫ್ಲ್ಯಾಷ್ ಮೆಮೊರಿಯನ್ನು ಲೋಕಕ್ಕೆ ತೋರಿಸಿದರು. ಇಲ್ಲಿ ತಿರುಗುವ ತಟ್ಟೆಯಿಲ್ಲ, ಅತ್ತಿತ್ತ ಓಡುವ ಹೆಡ್ಡಿಲ್ಲ. ನಿರೋಧಕ ಪದರದ ನಡುವೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದರೆ ಮಾಹಿತಿ ಉಳಿಯಿತು, ಬಿಟ್ಟರೆ ಅಳಿಯಿತು. ಲೋಕ ಇದರಿಂದ ಗಳಿಸಿದ್ದಕ್ಕೆ ಲೆಕ್ಕವಿಲ್ಲ; ಮಸುಒಕ ಮಾತ್ರ ತಮ್ಮ ಪಾಲಿಗಾಗಿ ಮಾಜಿ ಕಂಪನಿಯ ಮೇಲೆ ಮೊಕದ್ದಮೆ ಹೂಡಬೇಕಾಯಿತು. 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಅವರ ಕೆಲಸಕ್ಕೆ ಅದು ಚಿಲ್ಲರೆ ಹಣ ಎಂದೇ ನನ್ನ ಅನಿಸಿಕೆ.

ವೇಗದಲ್ಲಿ ಎಸ್‌ಎಸ್‌ಡಿಯನ್ನು ಮೀರಿಸುವವರಿಲ್ಲ. ಹಾರ್ಡ್ ಡಿಸ್ಕ್ ಒಂದು ಕಡತ ಹುಡುಕಲು ಸೆಕೆಂಡಿನ ನೂರನೆಯ ಒಂದು ಭಾಗ ತೆಗೆದುಕೊಂಡರೆ, ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕು. ಆದರೆ ಅಳಿಸಿ ಬರೆದಂತೆಲ್ಲ ಆ ನಿರೋಧಕ ಪದರ ಸವೆಯುತ್ತದೆ. ವರ್ಷಗಟ್ಟಲೆ ವಿದ್ಯುತ್ ಸಿಗದಿದ್ದರೆ ಸೆರೆಯಲ್ಲಿದ್ದ ಎಲೆಕ್ಟ್ರಾನುಗಳು ಮೆಲ್ಲನೆ ಸೋರುತ್ತವೆ. ಹಾರ್ಡ್ ಡಿಸ್ಕಿನಲ್ಲಿ ಅದೇ ದುಡ್ಡಿಗೆ ಹೆಚ್ಚು ಜಾಗ ಸಿಗುತ್ತದೆ. ಆದರೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುವ ಹೆಡ್ಡು ಅದರದು, ಓಡುವಾಗ ಕೈಜಾರಿ ಬಿದ್ದರೆ ಕೆಟ್ಟಿತು.

ಟೇಪಿನ ಕಡೆ ನೋಡಿ. 2000ದಲ್ಲಿ ಬಂದ ಎಲ್‌ಟಿಒ ಎಂಬ ಮಾದರಿಯ ಮೊದಲ ಟೇಪು ಕಾರ್ಟ್ರಿಜ್ 100 ಜಿಬಿಯದ್ದು, 2021ರ ಒಂಬತ್ತನೆಯ ಪೀಳಿಗೆಯದು 18 ಟಿಬಿಯದ್ದು. ಸುಮ್ಮನೆ ಕೂತಾಗ ವಿದ್ಯುತ್ ಬೇಡ. ಯಂತ್ರದಿಂದ ಹೊರಗಿರುವ ಟೇಪನ್ನು ಯಾವ ವೈರಸ್ಸೂ ಮುಟ್ಟದು. ಬೇಕಾದ ಕಡತ ಹುಡುಕಲು ಒಂದು ನಿಮಿಷ ಹಿಡಿದರೂ ಹಳೆಯ ದಾಖಲೆಗೆ ಯಾರಿಗೆ ಅವಸರ? ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ತನ್ನ ಕಣಘರ್ಷಣೆಗಳ ಮಾಹಿತಿಯನ್ನು ಕಾಯ್ದಿಡುತ್ತಿರುವುದು ಇದರಲ್ಲೇ.

ಟೇಪು ಓದುವ ಯಂತ್ರದ ಬೆಲೆ ಲಕ್ಷ ರೂಪಾಯಿಗಳಲ್ಲಿದೆ, ಹಾಗಾಗಿ ಅದು ಮನೆಯ ಮಾತಲ್ಲ. ಆದರೆ ಮಗಳ ಮದುವೆಯ ಫೋಟೊಗಳು ಬೀರುವಿನೊಳಗಿನ ಪೆನ್ ಡ್ರೈವ್ ಒಂದರಲ್ಲೇ ಇದ್ದರೆ, ಈ ಭಾನುವಾರವೇ ಅದನ್ನು ಹೊರತೆಗೆದು ಹಾರ್ಡ್ ಡಿಸ್ಕಿಗೊಂದು ಪ್ರತಿ ಹಾಕಿ, ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ.