ಬೆವರುವ ಪ್ರಾಣಿಯ 21 ಕಿಲೋಮೀಟರ್

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿಯಲ್ಲಿ ಆನೆಗಳು ಹೊಲಕ್ಕೆ ಇಳಿಯುವುದು ಹೆಚ್ಚಾಗಿ ಕತ್ತಲಾದ ಮೇಲೆ. ತಮಿಳುನಾಡು, ಆಂಧ್ರದ ಗಡಿ ದಾಟಿ ಬರುವ ಹಿಂಡು ಹಗಲೆಲ್ಲ ಕಾಡಿನ ನೆರಳಿನಲ್ಲೋ ಕೆರೆಯ ಕೆಸರಿನಲ್ಲೋ ಕಿವಿ ಬೀಸುತ್ತ ಹೊತ್ತು ಕಳೆಯುತ್ತದೆ. ರಾಗಿ, ಟೊಮೆಟೊ ಕಾಯುವ ರೈತ ನಿದ್ದೆಗೆಟ್ಟು ಕೂರುವ ವೇಳೆಗೆ ಹೊರಡುತ್ತದೆ. ಜನರ ಕಣ್ಣು ತಪ್ಪಿಸುವುದು ಇದಕ್ಕೊಂದು ಕಾರಣ. ಇನ್ನೊಂದು ಕಾರಣ ಆನೆಯ ಮೈಯಲ್ಲೇ ಇದೆ. ಮೂರು-ನಾಲ್ಕು ಟನ್ ತೂಗುವ ಆ ದೇಹಕ್ಕೆ ಬೆವರಲು ಬಾರದು. ಬೆವರು ಗ್ರಂಥಿಗಳಿರುವುದು ಕಾಲುಗುರುಗಳ ಸುತ್ತ ಮಾತ್ರ. ಕಿವಿಯ ರಕ್ತನಾಳಗಳಿಗೆ ಗಾಳಿ ಹಾಕಿಕೊಂಡು, ಮೈಮೇಲೆ ನೀರು-ಕೆಸರು ಎರಚಿಕೊಂಡು ಅದು ತಂಪಾಗಬೇಕು. ಹಾಗೂ ಉಳಿದ ಬಿಸಿಯನ್ನು ಒಡಲಲ್ಲೇ ಕೂಡಿಟ್ಟುಕೊಂಡು ರಾತ್ರಿಯ ತಂಪಿಗೆ ಬಿಡುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಆನೆಯನ್ನು 21 ಕಿಲೋಮೀಟರ್ ಓಡಿಸಿದರೆ ಅದು ಉಳಿಯುವುದು ಕಷ್ಟ.

ಅದೇ ಕಾಡಿನ ಪಕ್ಕದ ಡಾಂಬರು ರಸ್ತೆಯಲ್ಲಿ ಮನುಷ್ಯ ಅಷ್ಟು ದೂರ ಓಡಬಲ್ಲ. ನಾಯಿಗೆ ಇದು ಆಗದು. ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಬಿಸಿಲಲ್ಲಿ ಬಹಳ ಹೊತ್ತು ಓಡಿದರೆ ಆ ಉಸಿರು ಸಾಲದು. ಕುದುರೆ ಬೆವರುತ್ತದೆ, ಆದರೆ ಅದರ ಮೈತುಂಬ ಕೂದಲು. ನಮ್ಮ ಮೈ ಬೋಳು, ಅದರ ಮೇಲೆ 20ರಿಂದ 40 ಲಕ್ಷ ಬೆವರು ಗ್ರಂಥಿಗಳು. ಓಡಲು ನಿಂತರೆ ಗಂಟೆಗೆ ಒಂದರಿಂದ ಒಂದೂವರೆ ಲೀಟರ್, ಕೆಲವರಲ್ಲಿ ಎರಡು ಲೀಟರ್ ನೀರನ್ನು ಈ ಮೈ ಚರ್ಮದ ಮೇಲೆ ಹರಡಬಲ್ಲದು. ಡೆನ್ನಿಸ್ ಬ್ರ್ಯಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಎಂಬ ವಿಜ್ಞಾನಿಗಳು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ವಾದ ಮುಂದಿಟ್ಟರು: ದೂರದ ಓಟ ಮನುಷ್ಯನ ಮೈಕಟ್ಟನ್ನೇ ರೂಪಿಸಿದೆ. ಆಫ್ರಿಕದ ಕಲಹಾರಿಯಲ್ಲಿ ಬೇಟೆಗಾರರು ಕೊಂಬಿನ ಜಿಂಕೆಯನ್ನು ನಡುಹಗಲಿನಲ್ಲಿ ಗಂಟೆಗಟ್ಟಲೆ ಬೆನ್ನಟ್ಟಿ, ಅದು ಬಿಸಿಯೇರಿ ನಿಂತ ಮೇಲೆ ಹಿಡಿದ ದಾಖಲೆಗಳಿವೆ. ಜಿಂಕೆಯ ವೇಗ ಮನುಷ್ಯನಿಗಿಲ್ಲ. ಜಿಂಕೆಗಿಂತ ಚೆನ್ನಾಗಿ ತಣ್ಣಗಾಗುವ ಮೈ ಇದೆ.

ಈ ಯಂತ್ರದ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿ ಖರ್ಚಾಗುತ್ತದೆ. 60 ಕೆ.ಜಿ. ತೂಕದ ಹುಡುಗಿ ಹಾಫ್ ಮ್ಯಾರಥಾನ್, ಅಂದರೆ 21.1 ಕಿಲೋಮೀಟರ್ ಓಡಿದರೆ ಹತ್ತಿರಹತ್ತಿರ 1270 ಕಿಲೋಕ್ಯಾಲೊರಿ. ಇದರಲ್ಲಿ ಸ್ನಾಯುವಿನ ಕೆಲಸಕ್ಕೆ ದಕ್ಕುವುದು ಐದರಲ್ಲೊಂದು ಪಾಲು, ಹೆಚ್ಚೆಂದರೆ ನಾಲ್ಕರಲ್ಲೊಂದು. ಉಳಿದ ಸಾವಿರ ಕಿಲೋಕ್ಯಾಲೊರಿ ಬರೀ ಶಾಖ. ಅವಳ ಮೈಯನ್ನು ಒಂದು ಡಿಗ್ರಿ ಬಿಸಿ ಮಾಡಲು 50 ಕಿಲೋಕ್ಯಾಲೊರಿ ಸಾಕು. ಶಾಖ ಹೊರಹೋಗದೆ ಒಳಗೇ ಉಳಿದರೆ ಎರಡು ಗಂಟೆಯ ಓಟದಲ್ಲಿ ಪ್ರತಿ ಆರು ನಿಮಿಷಕ್ಕೊಮ್ಮೆ ಒಂದು ಡಿಗ್ರಿ ಏರುತ್ತ ಹೋಗುತ್ತದೆ. 37ರಿಂದ ಹೊರಟ ಮೈ ಇಪ್ಪತ್ತೇ ನಿಮಿಷದಲ್ಲಿ 40 ದಾಟಬೇಕು. ಕೋಲಾರದಲ್ಲಿ ಹುಟ್ಟಿ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿದ ಕೆನೆತ್ ಪೊವೆಲ್ ಅಂಥವರಿಗೆ ಈ ಚಿಂತೆ ಇಲ್ಲ. ಹತ್ತು-ಹನ್ನೊಂದು ಸೆಕೆಂಡಿನ ಓಟಕ್ಕೆ ಬಿಸಿಲು ಸ್ವಲ್ಪ ನೆರವೇ ಆಗುತ್ತದೆ, ಬೆಚ್ಚಗಿನ ಸ್ನಾಯು ಚುರುಕು. ಎರಡು ಗಂಟೆಯ ಓಟದ ಲೆಕ್ಕವೇ ಬೇರೆ.

ಆ ಹುಡುಗಿಯನ್ನು ಉಳಿಸುವುದು ಬೆವರು. ಮಣ್ಣಿನ ಮಡಕೆಯ ಹೊರಮೈ ಒಸರಿ ಒಣಗುವಾಗ ಒಳಗಿನ ನೀರು ತಣ್ಣಗಾಗುವ ಹಾಗೆಯೇ ಇದು. ಒಂದು ಲೀಟರ್ ಬೆವರು ಆವಿಯಾದರೆ 580 ಕಿಲೋಕ್ಯಾಲೊರಿ ಶಾಖ ಅದರ ಜೊತೆ ಹೋಗುತ್ತದೆ. ಸಾವಿರ ಕಿಲೋಕ್ಯಾಲೊರಿಗೆ ಒಂದೂ ಮುಕ್ಕಾಲು ಲೀಟರ್ ಸಾಕು. ಆದರೆ ಅಷ್ಟೂ ಬೆವರು ಆವಿಯಾಗಬೇಕು. ಮೂಗಿನ ತುದಿಯಿಂದ ತೊಟ್ಟಿಕ್ಕಿ ರಸ್ತೆಗೆ ಬಿದ್ದ ಹನಿ ಮೈಯನ್ನು ತಂಪು ಮಾಡುವುದಿಲ್ಲ. ಕರ್ಚೀಫಿನಲ್ಲಿ ಒರೆಸಿಕೊಂಡ ಬೆವರೂ ಹಾಗೆಯೇ. ಕಪ್ಪು ಟೀ ಶರ್ಟಿನ ಬೆನ್ನಿನ ಮೇಲೆ ಓಟದ ನಂತರ ಬಿಳಿ ಗೆರೆ ಗೆರೆಯಾಗಿ ಉಪ್ಪು ಕಟ್ಟಿದ್ದರೆ ಒಂದು ವಿಷಯ ಖಚಿತ: ಅಲ್ಲಿನ ನೀರು ಆವಿಯಾಗಿದೆ, ಕೆಲಸ ಮಾಡಿದೆ.

ಆವಿಯಾಗಲು ಗಾಳಿ ಒಪ್ಪಬೇಕು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಹಳಿ ಬಂಗಾರಪೇಟೆ ದಾಟಿ ಕಾಮಸಮುದ್ರದ ಮೇಲೆಯೇ ಕುಪ್ಪಂ ಕಡೆಗೆ ಸಾಗುತ್ತದೆ. ಈ ಹಳಿಯ ಎರಡೂ ತುದಿಗಳಲ್ಲಿ ಓಡಿ ನೋಡಿದವರಿಗೆ ವ್ಯತ್ಯಾಸ ಗೊತ್ತು. ನಮ್ಮ ಬಯಲು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ. ಬೇಸಿಗೆಯ ಬೆಳಗಿನ ಜಾವ 22 ಡಿಗ್ರಿ ಇದ್ದು ತೇವಾಂಶ ಶೇ 80 ಇದ್ದರೂ ಗಾಳಿಯಲ್ಲಿರುವ ನೀರಾವಿ ಕಡಿಮೆಯೇ. 35 ಡಿಗ್ರಿಯ ಒದ್ದೆ ಚರ್ಮದಿಂದ ಬೆವರು ಸರಾಗವಾಗಿ ಆರುತ್ತದೆ. ಚೆನ್ನೈಯ ಕಡಲ ಬದಿಯಲ್ಲಿ 32 ಡಿಗ್ರಿ, ಅದೇ ಶೇ 80 ತೇವಾಂಶ ಎಂದರೆ ಬೆವರನ್ನು ಎಳೆದುಕೊಳ್ಳುವ ಗಾಳಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಹವಾಮಾನ ವರದಿಯ ಶೇಕಡಾವಾರು ತೇವಾಂಶವನ್ನೊಂದೇ ನೋಡಿ ಹೆದರುವುದೂ ಬೇಡ, ಧೈರ್ಯ ತಂದುಕೊಳ್ಳುವುದೂ ಬೇಡ.

ಕಾಮಸಮುದ್ರದ ಮಧ್ಯಾಹ್ನ ಒಣ ಮಧ್ಯಾಹ್ನ. 36 ಡಿಗ್ರಿಯಲ್ಲೂ ಬೆವರು ಬೇಗ ಆರುತ್ತದೆ. ಅಪಾಯ ಬೇರೆ ಕಡೆಯಿಂದ ಬರುತ್ತದೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾದಾಗ ಬೀಸಿದ ಗಾಳಿ ಶಾಖವನ್ನು ಕೊಡುತ್ತದೆ. ನೆತ್ತಿಯ ಸೂರ್ಯ, ಕಾದ ಡಾಂಬರು, ರಸ್ತೆ ಬದಿಯ ಬಂಡೆ ಎಲ್ಲವೂ ಮೈಗೆ ಶಾಖ ತುಂಬುತ್ತವೆ. ಎಲ್ಲದರ ಹೊರೆ ಬೆವರಿನ ಮೇಲೆಯೇ. ಇನ್ನೊಂದು ಸಂಗತಿಯನ್ನು ಓಟಗಾರರು ಮೈಯಲ್ಲೇ ಅರಿತಿರುತ್ತಾರೆ. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಅಷ್ಟೇ ವೇಗದ ಗಾಳಿ ಬೆನ್ನ ಹಿಂದಿನಿಂದ ಬೀಸಿದರೆ ಮೈಸುತ್ತ ಗಾಳಿ ಅಲುಗುವುದೇ ಇಲ್ಲ. ಹಿಂಗಾಳಿ ಸಿಕ್ಕಿತೆಂದು ಸಂತೋಷಪಡುವ ಹೊತ್ತಿಗೆ ಧಗೆ ಶುರುವಾಗಿರುತ್ತದೆ.

ಒಳಗೂ ಒಂದು ಜಗ್ಗಾಟ ನಡೆದಿರುತ್ತದೆ. ಓಡುವ ಕಾಲಿಗೆ ರಕ್ತ ಬೇಕು. ಒಳಗಿನ ಶಾಖವನ್ನು ಚರ್ಮಕ್ಕೆ ಹೊತ್ತು ತರಲೂ ರಕ್ತವೇ ಬೇಕು. ತೀವ್ರ ಸೆಕೆಯಲ್ಲಿ ಚರ್ಮವೊಂದೇ ನಿಮಿಷಕ್ಕೆ 6ರಿಂದ 8 ಲೀಟರ್ ರಕ್ತವನ್ನು ಸೆಳೆದುಕೊಳ್ಳಬಲ್ಲದು. ಬೆವರು ಹೋದಷ್ಟೂ ರಕ್ತದ ನೀರು ಕಡಿಮೆಯಾಗುತ್ತದೆ, ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ. ಹಾಗಾಗಿ ವೇಗ ಒಂದೇ ಇದ್ದರೂ 15ನೇ ಕಿಲೋಮೀಟರಿನಲ್ಲಿ ಎದೆಬಡಿತ ಐದನೆಯದಕ್ಕಿಂತ ಬಹಳ ಮೇಲಿರುತ್ತದೆ. ಆಗ ವೇಗ ಇಳಿಸುವುದು ಸೋಲಲ್ಲ. ಶಾಖ ಹುಟ್ಟುವುದು ವೇಗದಿಂದ. ನಿಧಾನಿಸಿದ ಕೂಡಲೇ ಒಲೆಯ ಉರಿ ತಗ್ಗುತ್ತದೆ.

ಬಿಸಿಯಲ್ಲಿ ಮನುಷ್ಯನ ಮೈ ಎಷ್ಟು ದುಡಿಯಬಲ್ಲದು ಎಂಬ ಪಾಠದ ಒಂದು ಅಧ್ಯಾಯ ಇಲ್ಲೇ ಪಕ್ಕದಲ್ಲಿ, ಕೆಜಿಎಫ್ ಚಿನ್ನದ ಗಣಿಗಳ ನೆಲದಡಿಯಲ್ಲಿ ಬರೆಯಲ್ಪಟ್ಟಿದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ತಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ದಾಟುತ್ತಿತ್ತು, ಮುಟ್ಟಿದರೆ ಕೈ ಸುಡುವಷ್ಟು. ಮೇಲಿನಿಂದ ತಂಪುಗಾಳಿ ಇಳಿಸಲು ದೊಡ್ಡ ಶೀತಲ ಯಂತ್ರಗಳನ್ನು ಕೂರಿಸಿದ್ದರು. ದೂಳು ಎದ್ದು ಶ್ವಾಸಕೋಶ ಹಾಳಾಗಬಾರದೆಂದು ಡ್ರಿಲ್ಲಿಂಗ್ ಜಾಗಕ್ಕೆ ನೀರು ಬಿಡುತ್ತಿದ್ದರು. ದೂಳು ಅಡಗಿತು, ಆದರೆ ಗಾಳಿ ತೇವದಿಂದ ತುಂಬಿತು. ಬಿಸಿ ಜೊತೆಗೆ ತೇವ: ಬೆವರುವ ಪ್ರಾಣಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಬೆವರು ಧಾರಾಕಾರ ಸುರಿಯುತ್ತದೆ, ಆರುವುದಿಲ್ಲ. ಪಾಳಿಯ ನಡುವೆ ಕಾರ್ಮಿಕರು ಕುಸಿದು ಬೀಳುತ್ತಿದ್ದರು. ಹೀಗೆ ಕುಸಿದವರ ಪ್ರಕರಣಗಳನ್ನು ಎ. ಕ್ಯಾಪ್ಲನ್ ಎಂಬ ವೈದ್ಯರು 1940ರ ದಶಕದಲ್ಲಿ ಒಂದೊಂದಾಗಿ ಪರಿಶೀಲಿಸಿದರು. ಬಿಸಿ ಏರಿದಂತೆ ಗಣಿ ಕಾರ್ಮಿಕನ ದುಡಿಮೆ ಹೇಗೆ ಇಳಿಯುತ್ತದೆ ಎಂಬುದರ ಪ್ರಯೋಗವೂ ಅದೇ ದಶಕದಲ್ಲಿ ನಡೆದು ಲಂಡನ್ನಿನ ಗಣಿ ತಜ್ಞರ ಸಂಸ್ಥೆಯ ಪ್ರಕಟಣೆಯಲ್ಲಿ ಅಚ್ಚಾಯಿತು. ಚಿನ್ನದ ಲೆಕ್ಕ ಎಲ್ಲರಿಗೂ ನೆನಪಿದೆ. ಆ ಬೆವರಿನ ಲೆಕ್ಕ ಮರೆತುಹೋಗಿದೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕೆಳಗಿಳಿದು ಕೆಲಸ ಮಾಡಿದವರು ಕೆಜಿಎಫ್ ಮನೆಗಳಲ್ಲಿ ಇನ್ನೂ ಇದ್ದಾರೆ. ಸೆಕೆಯ ವಿಷಯದಲ್ಲಿ ಅವರ ಮಾತಿಗಿಂತ ದೊಡ್ಡ ಸಾಕ್ಷ್ಯವನ್ನು ನಾನು ಕಾಣೆ.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹೊಸಬರನ್ನು ನೇರವಾಗಿ ಬಿಸಿ ಸುರಂಗಕ್ಕೆ ಕಳಿಸುತ್ತಿರಲಿಲ್ಲ. ಮೊದಲು ಬಿಸಿ-ತೇವದ ಕೋಣೆಯಲ್ಲಿ ದಿನಕ್ಕೆ ಕೆಲವು ಗಂಟೆ ಮೆಟ್ಟಿಲು ಹತ್ತಿಳಿಸಿ, ಹಲವು ದಿನ ಪಳಗಿಸಿ ನಂತರ ಇಳಿಸುತ್ತಿದ್ದರು. ಸೆಕೆಗೆ ಮೈ ಒಗ್ಗುತ್ತದೆ ಎಂಬುದನ್ನು ಗಣಿಗಳೇ ಹೀಗೆ ಸಾಬೀತು ಮಾಡಿದವು. ದಿನಕ್ಕೆ ಒಂದು-ಒಂದೂವರೆ ಗಂಟೆ ಬಿಸಿಯಲ್ಲಿ ಬೆವರಿಳಿಸಿದರೆ ಮೊದಲ ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಿರುತ್ತದೆ. ಹತ್ತರಿಂದ ಹದಿನಾಲ್ಕು ದಿನಕ್ಕೆ ಮೈ ಹದಕ್ಕೆ ಬರುತ್ತದೆ. ಬಿಟ್ಟರೆ ಮೂರು-ನಾಲ್ಕು ವಾರದಲ್ಲಿ ಎಲ್ಲ ಕರಗಿಹೋಗುತ್ತದೆ. ಕಾಮಸಮುದ್ರದ ಹೊಲದಲ್ಲಿ ಟೊಮೆಟೊ ಬಿಡಿಸುವ ಹೆಂಗಸಿಗೆ ಈ ತಯಾರಿ ಬೇಡ, ಅವಳ ಮೈ ಫೆಬ್ರುವರಿಯಿಂದಲೇ ಪಳಗಿದೆ. ಮಾರಿಕುಪ್ಪಂ ರೈಲು ಹತ್ತಿ ದಿನವೂ ಬೆಂಗಳೂರಿಗೆ ಹೋಗಿ, ಏಸಿ ಕಚೇರಿಯಲ್ಲಿ ಕೂತು, ಇರುಳು ಮರಳುವ ಹುಡುಗನ ಮೈ ಪಳಗಿಲ್ಲ. ಅವನ ಕಾಲು ಎಷ್ಟೇ ಗಟ್ಟಿಯಿರಲಿ, ಊರಿನ ಓಟಕ್ಕೆ ಹೆಸರು ಕೊಡುವ ಮೊದಲು ಎರಡು ವಾರ ಬಿಸಿಲಿಗೆ ಮೈಯೊಡ್ಡಲೇಬೇಕು.

ನೀರಿನ ವಿಷಯದಲ್ಲಿ ಜನ ಎರಡೂ ತುದಿಗೆ ಹೋಗುತ್ತಾರೆ. ಕುಡಿಯದೆ ಓಡುವವರಿದ್ದಾರೆ, ಹೊಟ್ಟೆ ಕುಲುಕುವಷ್ಟು ಕುಡಿಯುವವರೂ ಇದ್ದಾರೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಗೆ ಸೋಡಿಯಂ ಕುಸಿದಿತ್ತು. ಓಟದ ನಡುವೆ ಅತಿಯಾಗಿ ಕುಡಿದು ಮೈತೂಕ ಏರಿಸಿಕೊಂಡವರಲ್ಲೇ ಇದು ಹೆಚ್ಚು. ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಳ್ಳುತ್ತದೆ, ಜೀವಕ್ಕೇ ಅಪಾಯ. ಬಾಯಾರಿದಾಗ ಕುಡಿಯಿರಿ. ಓಟಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಅಳತೆ ಸಿಗುತ್ತದೆ. ಓಟ ಮುಗಿದಾಗ ತೂಕ ಒಂದಿಷ್ಟು ಇಳಿದಿರಬೇಕು, ಏರಿರಬಾರದು. ಕಳೆದ ಉಪ್ಪು ತುಂಬಲು ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ನಮ್ಮಲ್ಲಿ ಇದ್ದೇ ಇವೆ.

ಓಟ ಏರ್ಪಡಿಸುವವರ ಹೊಣೆ ಓಟಗಾರರದ್ದಕ್ಕಿಂತ ದೊಡ್ಡದು. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಯುವಕರು ಸೆಕೆಗೆ ಸಾಯುತ್ತಿದ್ದಾಗ ಒಂದು ಸೂಚ್ಯಂಕ ಹುಟ್ಟಿತು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಗೆ ಶೇ 70, ಬಿಸಿಲಿನಲ್ಲಿಟ್ಟ ಕಪ್ಪು ಗೋಳದ ಒಳಗಿನ ಅಂಕಿಗೆ ಶೇ 20, ನೆರಳಿನ ಗಾಳಿಯ ಅಂಕಿಗೆ ಶೇ 10 ತೂಕ ಕೊಟ್ಟು ಕೂಡಬೇಕು. ಒದ್ದೆ ಮಾಪಕದ ಪಾಲು ಎಷ್ಟು ದೊಡ್ಡದು ನೋಡಿ; ಬೆವರು ಆರುವ ಸಾಧ್ಯತೆಯನ್ನು ತೋರಿಸುವುದು ಅದೇ. ಮೊತ್ತ 28 ಡಿಗ್ರಿ ದಾಟಿದರೆ ದೂರದ ಓಟ ಮುಂದೂಡಿ ಎಂಬುದು ಅಮೆರಿಕದ ಕ್ರೀಡಾ ವೈದ್ಯರು ಕೊಟ್ಟಿದ್ದ ಸಲಹೆ. ಏಪ್ರಿಲ್ ಬೆಳಿಗ್ಗೆ ಆರಕ್ಕೆ ನಮ್ಮಲ್ಲಿ ಒದ್ದೆ ಮಾಪಕ 19.5, ಉಳಿದೆರಡು 22 ಇದ್ದರೆ ಮೊತ್ತ 20ರ ಆಸುಪಾಸು. ನಡುಹಗಲಿನಲ್ಲಿ ಅವೇ 22, 52, 36 ಆದರೆ 29 ದಾಟುತ್ತದೆ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳಾ ಮ್ಯಾರಥಾನನ್ನು ನಡುರಾತ್ರಿಗೆ ಇಟ್ಟರೂ 68 ಮಂದಿಯಲ್ಲಿ 28 ಮಂದಿ ನಡುವೆಯೇ ಓಟ ಬಿಡಬೇಕಾಯಿತು. ಗಂಟೆಗಟ್ಟಲೆ ಭಾಷಣ ಮಾಡುವ ಅತಿಥಿಗಾಗಿ ಕಾದು ಎಂಟಕ್ಕೆ ಹಸಿರು ನಿಶಾನೆ ತೋರಿಸುವ ಪದ್ಧತಿ ಬೇಸಿಗೆಯ ಓಟಕ್ಕೆ ಸಲ್ಲದು. ಐದೂವರೆಗೆ ಬಿಟ್ಟು ಎಂಟರೊಳಗೆ ಮುಗಿಸಬೇಕು. ಆನೆ ಓಡಾಡುವ ಕಾಡಂಚಿನ ರಸ್ತೆಯಾದರೆ ಕತ್ತಲಲ್ಲಿ ಬಿಡುವುದೂ ಆಗದು, ಹಾಗಾಗಿ ಊರ ಕಡೆಯ ದಾರಿಯನ್ನೇ ಆರಿಸಿ, ಅರಣ್ಯ ಇಲಾಖೆಗೆ ಮೊದಲೇ ತಿಳಿಸಿಡಿ.

ಇಷ್ಟಾಗಿಯೂ ಒಬ್ಬರು ತಟ್ಟಾಡಬಹುದು. ಹೆಸರು ಕೇಳಿದರೆ ತೊದಲುತ್ತಾರೆ, ದಾರಿ ಬಿಟ್ಟು ನಡೆಯುತ್ತಾರೆ, ಸಿಡುಕುತ್ತಾರೆ. ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು. ಒಣಗಿದ ಚರ್ಮಕ್ಕಾಗಿ ಕಾಯಬೇಡಿ. ಇದು ಹೀಟ್ ಸ್ಟ್ರೋಕ್, ಒಳಗಿನ ಬಿಸಿ 40 ದಾಟಿರುತ್ತದೆ. ಅಮೆರಿಕದ ಫಾಲ್ಮತ್ ಎಂಬ ಕಡಲೂರಿನ ಬೇಸಿಗೆ ಓಟದಲ್ಲಿ 18 ವರ್ಷಗಳಲ್ಲಿ ಹೀಗೆ ಬಿದ್ದವರು 274 ಮಂದಿ. ಅಂತಿಮ ಗೆರೆಯ ಬಳಿಯೇ ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಅವರನ್ನು ಮುಳುಗಿಸಿ ತಣಿಸಿದರು, ಅಷ್ಟೂ ಜನ ಬದುಕಿದರು. ನಮ್ಮಲ್ಲಿ ತೊಟ್ಟಿ ಇಲ್ಲದಿದ್ದರೆ ಟಾರ್ಪಾಲು ಇದೆ. ನಾಲ್ಕು ಜನ ಅಂಚು ಎತ್ತಿ ಹಿಡಿದು, ನಡುವೆ ಆ ವ್ಯಕ್ತಿಯನ್ನು ಮಲಗಿಸಿ, ತಲೆಯನ್ನು ಮೇಲಿರಿಸಿ, ನೀರು ಮತ್ತು ಮಂಜುಗಡ್ಡೆ ಸುರಿದು ಕಲಕುತ್ತಿರಿ. ಎಚ್ಚರ ಪೂರ್ತಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಒಬ್ಬರು ಕರೆ ಮಾಡಲಿ, ಉಳಿದವರು ತಣಿಸುತ್ತಿರಲಿ. ಆಂಬುಲೆನ್ಸ್ ಬಂದರೂ ಮೈ ತಣಿಯುವ ಮೊದಲು ಹೊತ್ತೊಯ್ಯಬೇಡಿ. ಮೊದಲ ಅರ್ಧ ಗಂಟೆ ಜೀವ ಉಳಿಸುವ ಅರ್ಧ ಗಂಟೆ. ನಿಮ್ಮೂರಿನಲ್ಲಿ ಓಟ ನಡೆಸುವವರಿದ್ದರೆ ಪದಕ, ಟೀ ಶರ್ಟ್ ಆರ್ಡರ್ ಮಾಡುವ ಮೊದಲು ಮಂಜುಗಡ್ಡೆಗೆ ಹೇಳಿಡಿ.